ರಾತ್ರಿಗೆ ಏನು ಮಾಡಲಿ, ಯಾವ ಜಾರಿನಲ್ಲಿ ರುಬ್ಬಲಿ

ಮೊನ್ನೆ ಸಂಜೆ ನಾಲ್ಕರ ಹೊತ್ತಿಗೆ ತಮ್ಮನ ಫೋನ್ ಬಂತು. ಆಫೀಸಿನ ಯಾವುದೋ ಟ್ರೇನಿಂಗ್ ಅಂತ ಬೆಂಗಳೂರಿಗೆ ಬಂದಿದ್ದ. ಎರಡು ದಿನದಿಂದ ಹೋಟೆಲ್ ಊಟ ಮಾಡಿ ಮಾಡಿ ನಾಲಿಗೆ ಸತ್ತುಹೋಗಿದೆಯಂತೆ. "ಅಕ್ಕಾ, ರಾತ್ರಿ ಊಟಕ್ಕ ಬರ್ತೀನಿ. ಅವ್ವ ಕಳ್ಸಿದ ಹಣ್ಣ ಮೆಣಸಿನಕಾಯಿ ಅದಾವಲ್ಲ, ರಂಜಕ ಮಾಡು. ರೊಟ್ಟಿ ಇದ್ರ ಸಾಕು, ಬ್ಯಾರೆ ಏನೂ ಬ್ಯಾಡ."

ಬೇರೆ ಏನೂ ಬೇಡ ಅನ್ನುವವರಿಗೇ ಜಾಸ್ತಿ ಕೆಲಸ. ಅದಿರಲಿ. ನನ್ನ ತಲೆಬಿಸಿ ರೊಟ್ಟಿಯದ್ದಲ್ಲ. ಅವ್ವ ಕಳಿಸಿದ ಖಡಕ್ ರೊಟ್ಟಿ ಡಬ್ಬಿ ತುಂಬಾ ಇದೆ, ತಿಂಗಳಾದರೂ ಏನೂ ಆಗಲ್ಲ. ತಲೆಬಿಸಿ ಏನಂದರೆ, ಸಾಗರದಿಂದ ಅತ್ತೆ ಬಂದು ಹದಿನೈದು ದಿನವಾಗಿದೆ. ಅತ್ತೆ ಬೆಳ್ಳುಳ್ಳಿ ತಿನ್ನುವುದಿಲ್ಲ. ತಿನ್ನುವುದಿಲ್ಲ ಅಂದರೆ ಸಾಲದು, ಬೆಳ್ಳುಳ್ಳಿ ಇರುವ ಕೋಣೆಯಲ್ಲಿ ಕೂರುವುದಕ್ಕೂ ಅವರಿಗೆ ಕಷ್ಟ. ನಮ್ಮ ರಂಜಕವೋ, ಹಣ್ಣು ಮೆಣಸಿನಕಾಯಿ ರುಬ್ಬಿದ ಚಟ್ನಿ, ಅರ್ಧ ಮೆಣಸಿನಕಾಯಿ ಆದರೆ ಅರ್ಧ ಬೆಳ್ಳುಳ್ಳಿ.

ನಾನು ರಾಣೇಬೆನ್ನೂರಿನವಳು. ನಮ್ಮ ಮನೆಯಲ್ಲಿ ಪಲ್ಯಕ್ಕೂ ಬೆಳ್ಳುಳ್ಳಿ, ಚಟ್ನಿಪುಡಿಗೂ ಬೆಳ್ಳುಳ್ಳಿ, ಜ್ವರ ಬಂದರೆ ಸಾರಿಗೂ ಬೆಳ್ಳುಳ್ಳಿ. ಊಟಕ್ಕೆ ಕೂತ ಮೇಲೆ ಅಪ್ಪ ಉಳ್ಳಾಗಡ್ಡಿಯನ್ನು ನೆಲದ ಮೇಲಿಟ್ಟು ಮುಷ್ಟಿಯಿಂದ ಒಂದು ಗುದ್ದು ಗುದ್ದಿದರೆ ಮಾತ್ರ ಊಟ ಶುರುವಾದ ಹಾಗೆ. ನಮ್ಮನೆಯವರ ಕಡೆ ಇದ್ಯಾವುದೂ ಇಲ್ಲ. ಮದುವೆಯಾಗಿ ಏಳು ವರ್ಷವಾಯಿತು. ಜಾತಿ, ಮಾತು, ಹಬ್ಬ ಎಲ್ಲದರಲ್ಲೂ ಹೇಗೋ ಹೊಂದಿಕೊಂಡಿದ್ದೇವೆ, ಮೂಗು ಮಾತ್ರ ಇನ್ನೂ ಹೊಂದಿಕೊಂಡಿಲ್ಲ.

ಹಿಂದಿನ ಸಲ ಅತ್ತೆ ಬಂದಾಗ ಆದದ್ದು ಹೇಳುತ್ತೇನೆ. ಬೆಳಗ್ಗೆ ಬಳ್ಳೊಳ್ಳಿ ಖಾರ ರುಬ್ಬಿ ಜಾರನ್ನು ಚೆನ್ನಾಗಿಯೇ ತೊಳೆದಿದ್ದೆ. ಸೋಪು ಹಾಕಿ, ಬಿಸಿನೀರು ಹಾಕಿ, ಮೂಸಿಯೂ ನೋಡಿದ್ದೆ. ಮಧ್ಯಾಹ್ನ ಅದೇ ಜಾರಿನಲ್ಲಿ ತಂಬುಳಿಗೆ ಕಾಯಿ ರುಬ್ಬಿ ಬಡಿಸಿದರೆ, ಅತ್ತೆ ಒಂದು ತುತ್ತು ಬಾಯಿಗಿಟ್ಟವರು ಹಾಗೇ ನಿಂತರು. ಏನೂ ಬೈಯಲಿಲ್ಲ. "ಇದ್ರಲ್ಲಿ ಎಂತದೋ ಇದೆ ಮಾರಾಯ್ತಿ" ಅಂತ ತಟ್ಟೆಯ ಬದಿಗೆ ಸರಿಸಿ, ಉಪ್ಪಿನಕಾಯಿ ಮೊಸರಲ್ಲಿ ಊಟ ಮುಗಿಸಿದರು. ಬೈದಿದ್ದರೇ ಚೆನ್ನಾಗಿತ್ತು. ಆಮೇಲೆ ಹುಡುಕಿದರೆ ಕಳ್ಳ ಸಿಕ್ಕಿದ್ದು ಮುಚ್ಚಳದ ಒಳಗಿನ ರಬ್ಬರ್ ವಾಷರಿನಲ್ಲಿ. ಸ್ಟೀಲ್ ತೊಳೆದರೆ ವಾಸನೆ ಬಿಡುತ್ತದೆ, ರಬ್ಬರ್ ಬಿಡುವುದಿಲ್ಲ. ಅವತ್ತೇ ಸಂಜೆ ಹೋಗಿ ಇನ್ನೊಂದು ಜಾರ್ ತಂದು ಅದರ ಹಿಡಿಗೆ ಬಿಳಿ ದಾರ ಕಟ್ಟಿದೆ. ಬಿಳಿ ದಾರದ್ದು ಅತ್ತೆಯ ಜಾರ್, ದಾರ ಇಲ್ಲದ್ದು ನಮ್ಮ ಪಾಪಿ ಜಾರ್.

ಸರಿ, ಮೊನ್ನೆಯ ವಿಷಯಕ್ಕೆ ಬರುತ್ತೇನೆ. ಫೋನ್ ಇಟ್ಟು ಅಡುಗೆಮನೆಗೆ ಹೋದರೆ ಅತ್ತೆ ಈಳಿಗೆಮಣೆ ಮುಂದೆ ಕೂತು ಸೌತೆಕಾಯಿ ಹೆಚ್ಚುತ್ತಿದ್ದರು.

"ಎಂತ ಮಾಡ್ತೀಯೆ ರಾತ್ರಿಗೆ?"

"ನನ್ನ ತಮ್ಮ ಬರ್ತಾನಂತೆ ಅತ್ತೆ. ರಂಜಕ ಬೇಕಂತೆ ಅವನಿಗೆ."

"ಅದು ಬೆಳ್ಳುಳ್ಳೀದಾ?"

"ಹೌದು ಅತ್ತೆ. ನೀವು ಹೇಗೂ ಆರು ಗಂಟೆಗೆ ಪಾರ್ಕಿಗೆ ಹೋಗ್ತೀರಲ್ಲ, ಆಗ ರುಬ್ಬಿಬಿಡ್ತೇನೆ."

ಅತ್ತೆ ಸೌತೆಕಾಯಿಯ ತುದಿ ಕತ್ತರಿಸಿ ಕಹಿ ಇದೆಯಾ ಅಂತ ನಾಲಿಗೆಗೆ ತಾಗಿಸಿ ನೋಡಿದರು. "ಹಾಗಾದ್ರೆ ಇವತ್ತು ಎರಡು ಸುತ್ತು ಹೆಚ್ಚಿಗೆ ನಡೀತೇನೆ ಬಿಡು" ಅಂದರು.

ಹೀಗೆ ಮೆನು ಫಿಕ್ಸ್ ಆಯಿತು. ನಮ್ಮ ಕಡೆಯಿಂದ ರೊಟ್ಟಿ, ರಂಜಕ, ಹಸಿ ಉಳ್ಳಾಗಡ್ಡಿ. ಅತ್ತೆ ಕಡೆಯಿಂದ ಅನ್ನ, ಸೌತೆಕಾಯಿ ಸಾಸಿವೆ, ಅಪ್ಪೆಹುಳಿ. ಮಧ್ಯದಲ್ಲಿ ಇಬ್ಬರೂ ತಿನ್ನುವ ಹಾಗೆ ಬದನೆಕಾಯಿ ಎಣಗಾಯಿ, ಬೆಳ್ಳುಳ್ಳಿ ಇಲ್ಲದೆ, ಬರೀ ಶೇಂಗಾ ಗುರೆಳ್ಳು ಹಾಕಿದ್ದು. ಅತ್ತೆ ಬಂದಾಗಲೆಲ್ಲ ಈ ಎಣಗಾಯಿಯೇ ನನ್ನನ್ನು ಕಾಪಾಡುತ್ತದೆ.

ಈಗ ಮೆಣಸಿನಕಾಯಿ. ಜನವರಿ ಬಂತೆಂದರೆ ನಮ್ಮ ಕಡೆ ಗಿಡದಲ್ಲೇ ಹಣ್ಣಾದ ಕೆಂಪು ಮೆಣಸಿನಕಾಯಿ ಬರುತ್ತದೆ. ಅವ್ವ ಅದನ್ನು ಹಳೆ ಸೀರೆ ತುಂಡಿನಲ್ಲಿ ಕಟ್ಟಿ ಬಸ್ಸಿಗೆ ಕಳಿಸುತ್ತಾಳೆ. ಬ್ಯಾಡಗಿ ಮೆಣಸಿನಕಾಯಿ ಎಲ್ಲರಿಗೂ ಗೊತ್ತು, 2011ರಲ್ಲಿ ಜಿಐ ಟ್ಯಾಗೂ ಸಿಕ್ಕಿದೆ. ಅದರಲ್ಲಿ ಡಬ್ಬಿ, ಕಡ್ಡಿ ಅಂತ ಎರಡಿದೆ ಅನ್ನುವುದು ಇಲ್ಲಿನ ಎಷ್ಟೋ ಜನಕ್ಕೆ ಗೊತ್ತಿಲ್ಲ. ಡಬ್ಬಿ ಗುಂಡಗೆ, ದಪ್ಪಗೆ, ಬೀಜ ಜಾಸ್ತಿ, ಬಣ್ಣ ಜಾಸ್ತಿ, ಖಾರ ತೀರಾ ಕಮ್ಮಿ. ಕಡ್ಡಿ ಉದ್ದಕ್ಕೆ, ತೆಳ್ಳಗೆ, ಸ್ವಲ್ಪ ಖಾರ. ಮೈಮೇಲೆಲ್ಲ ನೆರಿಗೆ, ಬೆಂಕಿ ಬಣ್ಣ, ನೋಡಿದರೆ ಹೆದರಿಕೆಯಾಗುತ್ತದೆ. ಬಾಯಿಗಿಟ್ಟರೆ ಪಾಪದ್ದು. ಹಾಗಾಗಿ ಅವ್ವ ಪ್ರತಿ ಸಲ ಗಂಟಿನಲ್ಲಿ ಒಂದು ಹಿಡಿ ಗುಂಟೂರು ತಳಿಯದ್ದನ್ನೂ ಸೇರಿಸುತ್ತಾಳೆ, "ಇಲ್ಲಾಂದ್ರ ನಾಲಿಗಿಗಿ ಗೊತ್ತಾಗಬೇಕಲ್ಲ" ಅಂತ.

ತೊಳೆದು, ಬಟ್ಟೆಯಲ್ಲಿ ಒಂದೊಂದೇ ಒರೆಸಬೇಕು. ನೀರಿನ ಪಸೆ ಉಳಿದರೆ ರಂಜಕ ಕೆಡುತ್ತದೆ. ತೊಟ್ಟು ಮುರಿದು, ಉಪ್ಪು, ಜೀರಿಗೆ, ಹುರಿದ ಮೆಂತ್ಯದ ಪುಡಿ ಚಿಟಿಕೆ, ನೆಲ್ಲಿಕಾಯಿ ಗಾತ್ರದ ಬೆಲ್ಲ. ಮೂರ್ನಾಲ್ಕು ದಿನ ಇಟ್ಟರೆ ತಾನೇ ಹುಳಿ ಹಿಡಿದು ರುಚಿ ಬರುತ್ತದೆ, ಆದರೆ ಇವನಿಗೆ ರಾತ್ರಿಗೇ ಬೇಕಲ್ಲ, ಎರಡು ನಿಂಬೆಹಣ್ಣು ಹಿಂಡಿದೆ. ಬೆಳ್ಳುಳ್ಳಿ ಎರಡು ಗಡ್ಡೆ ಸುಲಿದಿಟ್ಟುಕೊಂಡೆ.

ಬೆಳ್ಳುಳ್ಳಿಯ ಬಗ್ಗೆ ನನಗೆ ಇಷ್ಟವಾಗುವ ವಿಷಯ ಅಂದರೆ, ಸುಲಿದ ಎಸಳು ಇಡಿಯಾಗಿ ಇರುವಷ್ಟು ಹೊತ್ತು ಬಹಳ ಸಾಧು. ಮೂಗಿನ ಹತ್ತಿರ ಹಿಡಿದರೂ ಅಷ್ಟೇನೂ ವಾಸನೆ ಇಲ್ಲ. ಅದರ ಒಳಗೆ ಅಲ್ಲಿಯಿನ್ ಅನ್ನುವುದು ಒಂದು ಕಡೆ, ಅಲ್ಲಿಯಿನೇಸ್ ಅನ್ನುವ ಕಿಣ್ವ ಇನ್ನೊಂದು ಕಡೆ ಬೇರೆ ಬೇರೆ ಇರುತ್ತವೆ. ಜಜ್ಜಿದಿರೋ, ಎರಡೂ ಸೇರಿ ಅಲ್ಲಿಸಿನ್ ಆಗುತ್ತದೆ, ನಮ್ಮ ಅತ್ತೆ ಓಡಿಹೋಗುವುದು ಅದಕ್ಕೇ. ಇಡಿ ಎಸಳನ್ನು ಕೆಂಡದಲ್ಲಿ ಸುಟ್ಟರೆ ಆ ಕಿಣ್ವ ಮೊದಲೇ ಸತ್ತಿರುತ್ತದೆ, ಹಾಗಾಗಿ ಒಳಗೆ ಬೆಣ್ಣೆ ಹಾಗೆ ಸಿಹಿ. ಹಸಿಯಾಗಿ ಜಜ್ಜಿ ಹತ್ತು ನಿಮಿಷ ಬಿಟ್ಟು ಬಳಸಿದರೆ ಪೂರ್ತಿ ಘಾಟು. ಒಂದೇ ಎಸಳು, ನೀವು ಅದಕ್ಕೆ ಏನು ಮಾಡುತ್ತೀರೋ ಅದರ ಮೇಲೆ ಅದು ಏನಾಗುತ್ತದೆ ಅನ್ನುವುದು. ತಿಂದ ಮೇಲೆ ಎಷ್ಟು ಹಲ್ಲುಜ್ಜಿದರೂ ಬಾಯಿ ವಾಸನೆ ಹೋಗುವುದಿಲ್ಲ ಯಾಕೆ ಅಂದರೆ ಅದರಲ್ಲಿನ ಗಂಧಕದ ಒಂದು ಅಂಶ ರಕ್ತಕ್ಕೆ ಸೇರಿ ಉಸಿರಿನಲ್ಲೇ ಹೊರಗೆ ಬರುತ್ತಾ ಇರುತ್ತದೆ. ನಮ್ಮನೆಯವರಿಗೆ ಇದನ್ನು ವಿವರಿಸಿ ಹೇಳಿದ್ದೇನೆ, ಪಾಪ ಅವರು ಅದಕ್ಕಿಂತ ತಾನೂ ತಿನ್ನುವುದೇ ಸುಲಭ ಅಂತ ನಿರ್ಧಾರ ಮಾಡಿ ಆರು ವರ್ಷವಾಯಿತು. ಅತ್ತೆಗೆ ಗೊತ್ತಿಲ್ಲ ಅಂತ ಅವರು ಅಂದುಕೊಂಡಿದ್ದಾರೆ. ಅತ್ತೆಗೆ ಚೆನ್ನಾಗಿ ಗೊತ್ತು.

ಆರೂ ಕಾಲಿಗೆ ಅತ್ತೆ ಹೊರಟ ಮೇಲೆ ಅಡುಗೆಮನೆ ಬಾಗಿಲು ಹಾಕಿ, ಕಿಟಕಿ ತೆಗೆದು, ಎಕ್ಸಾಸ್ಟ್ ಫ್ಯಾನ್ ಹಾಕಿ ಪಾಪಿ ಜಾರಿನಲ್ಲಿ ರುಬ್ಬಿದೆ. ಮುಚ್ಚಳ ತೆಗೆದಾಗ ಮುಖ ಆ ಕಡೆ ತಿರುಗಿಸಬೇಕು ಅನ್ನುವುದು ಗೊತ್ತಿದ್ದೂ ಒಳಗೆ ಇಣುಕಿದೆ. ಕಣ್ಣು, ಮೂಗು, ಗಂಟಲು ಒಟ್ಟಿಗೆ ಹೋದವು. ಅದರ ಮೇಲೆ ಚಮಚ ಸಿಗಲಿಲ್ಲ ಅಂತ ಬೆರಳಿನಲ್ಲೇ ಬಳಿದೆ, ಅರ್ಧ ಗಂಟೆ ಕೈ ಉರಿ. ಮೆಣಸಿನಕಾಯಿಯ ಉರಿ ನೀರಿಗೆ ಬಗ್ಗುವುದಿಲ್ಲ, ಅದು ಎಣ್ಣೆಯಲ್ಲಿ ಕರಗುವ ಜಾತಿ. ಮೊದಲು ಕೊಬ್ಬರಿ ಎಣ್ಣೆ ಚೆನ್ನಾಗಿ ಉಜ್ಜಿ, ಆಮೇಲೆ ಸೋಪು. ಬಾಯಿಗಾದರೆ ಬೆಣ್ಣೆ, ಮೊಸರು. ಈ ಖಾರಕ್ಕೆ ನಾವು ಉರಿ ಅನ್ನುವುದು ಎಷ್ಟು ಸರಿಯಾಗಿದೆ ನೋಡಿ, ಬಿಸಿ ತಾಗಿದಾಗ ನರದ ತುದಿಯಲ್ಲಿ ಯಾವುದು ಎಚ್ಚರವಾಗುತ್ತದೋ ಖಾರಕ್ಕೂ ಅದೇ ಎಚ್ಚರವಾಗುವುದು. ಅದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು, ಅವರು ಹುಡುಕುವುದಕ್ಕೆ ಬಳಸಿದ್ದೂ ಮೆಣಸಿನಕಾಯಿಯ ಕ್ಯಾಪ್ಸೈಸಿನ್ನೇ. ಕೈ ಹಿಡಿದುಕೊಂಡು ಸಿಂಕಿನ ಮುಂದೆ ನಿಂತಾಗ ಇದೆಲ್ಲ ನೆನಪಾದರೆ ಏನೂ ಸಮಾಧಾನ ಆಗುವುದಿಲ್ಲ, ಸುಮ್ನೆ ಹೇಳಿದೆ. ಬೆಳ್ಳುಳ್ಳಿ ವಾಸನೆಗೆ ಬೆರಳನ್ನು ಸ್ಟೀಲ್ ಲೋಟಕ್ಕೆ ಉಜ್ಜಿ ಅಂತಾರಲ್ಲ, ಅದನ್ನೂ ಮಾಡಿದೆ. ನನಗಂತೂ ಹೋಗಲಿಲ್ಲ.

ಏಳು ಗಂಟೆಗೆ ಅತ್ತೆ ವಾಪಸ್. ಬಾಗಿಲಲ್ಲೇ ನಿಂತು ಒಂದು ಸಲ ಉಸಿರು ಎಳೆದುಕೊಂಡರು. ಏನೂ ಹೇಳದೆ ಸೀದಾ ಹೋಗಿ ತಮ್ಮ ಚೀಲದಿಂದ ಇಂಗಿನ ಡಬ್ಬಿ ತೆಗೆದರು.

ಆ ಡಬ್ಬಿಯ ವಿಷಯ ಹೇಳದಿದ್ದರೆ ಈ ಕತೆ ಪೂರ್ತಿ ಆಗುವುದಿಲ್ಲ. ಹಿತ್ತಾಳೆಯದ್ದು, ಒಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಗಟ್ಟಿ ಇಂಗು, ಕಂದು ಬಣ್ಣದ ಅಂಟು ಉಂಡೆ. ಮುಚ್ಚಳ ತೆಗೆದರೆ ಮೂರನೇ ಕೋಣೆಯಲ್ಲಿ ಮಲಗಿದವರು ಏಳಬೇಕು. ಅಂಗಡಿಯಲ್ಲಿ ಸಿಗುವ ಪುಡಿಯ ಡಬ್ಬಿಯನ್ನು ಅತ್ತೆ ಇಂಗು ಅಂತ ಒಪ್ಪುವುದೇ ಇಲ್ಲ. "ಅದು ಇಂಗಿನ ನೆರಳು ಬಿದ್ದ ಹಿಟ್ಟು" ಅನ್ನುತ್ತಾರೆ. ಡಬ್ಬಿಯ ಹಿಂದೆ ಬರೆದಿದ್ದು ಓದಿದರೆ ಹೌದು ಅನಿಸುತ್ತದೆ, ಗೋಧಿ ಅಥವಾ ಅಕ್ಕಿ ಹಿಟ್ಟು, ಗೋಂದು, ಆಮೇಲೆ ಇಂಗು. ಅತ್ತೆ ಉಂಡೆಯಿಂದ ಕಡಲೆಕಾಳಿನಷ್ಟು ಮುರಿದು ಪುಟ್ಟ ಬಟ್ಟಲಲ್ಲಿ ನೀರಿಗೆ ಹಾಕಿಡುತ್ತಾರೆ, ಅದು ಕರಗಿ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಇಂಗು ತೆಂಗು ಇದ್ದರೆ ಮಂಗವೂ ಅಡುಗೆ ಮಾಡುತ್ತೆ ಅಂತ ಗಾದೆ ಇದೆಯಲ್ಲ, ಅದು ಈ ಇಂಗಿಗೆ ಹೇಳಿದ್ದು.

ತಮಾಷೆ ಏನು ಗೊತ್ತಾ, ಇಂಗು ನಾರುವುದೂ ಗಂಧಕದಿಂದಲೇ, ಬೆಳ್ಳುಳ್ಳಿ ಈರುಳ್ಳಿ ನಾರುವುದೂ ಗಂಧಕದಿಂದಲೇ. ಹತ್ತಿರದ ನೆಂಟರು. ಅದಕ್ಕೇ ಈರುಳ್ಳಿ ಬೆಳ್ಳುಳ್ಳಿ ಹಾಕದ ಮನೆಗಳಲ್ಲಿ ಇಂಗಿಗೆ ಅಷ್ಟು ಮರ್ಯಾದೆ. ಒಂದು ಬೇರಿನ ಹಾಲು ಒಣಗಿಸಿದ್ದು ಇದು. ಇರಾನ್, ಅಫ್ಘಾನಿಸ್ತಾನ, ಉಜ್ಬೆಕಿಸ್ತಾನದ ಒಣ ಗುಡ್ಡಗಳಿಂದ ಬರುತ್ತದೆ. ಇಷ್ಟು ತಿನ್ನುವ ನಾವು ಇಲ್ಲಿ ಬೆಳೆಯುತ್ತಲೇ ಇರಲಿಲ್ಲ, 2020ರ ಅಕ್ಟೋಬರಿನಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಪಾಲಂಪುರದ ವಿಜ್ಞಾನಿಗಳು ಮೊದಲ ಸಸಿ ನೆಟ್ಟರು. ಅಂದರೆ ಸಾಗರದ ಹಳ್ಳಿಮನೆಯ ಅಪ್ಪಟ ಮಡಿ ಅಡುಗೆಯ ಅಪ್ಪಟ ಪರಿಮಳ ಕಾಬೂಲಿನ ಕಡೆಯದ್ದು. ಅತ್ತೆಗೆ ಇದನ್ನು ಒಮ್ಮೆ ಹೇಳಿದ್ದೆ. "ಇರ್ಲಿ, ಒಳ್ಳೆದು ಎಲ್ಲಿಂದ ಬಂದ್ರೆ ಎಂತ" ಅಂದರು. ಮತ್ತೆ ಬೆಳ್ಳುಳ್ಳಿ? "ಅದು ನಾತ."

ನಾನು ವಾದ ಮಾಡುವುದಿಲ್ಲ. ನನಗೂ ಬೆಳ್ಳುಳ್ಳಿ ಘಮ, ಇಂಗು ನಾತ. ಮೊದಲ ಸಲ ಆ ಮನೆಯ ಉಗ್ರಾಣಕ್ಕೆ ಹೋದಾಗ ಏನೋ ಸತ್ತಿದೆ ಅಂತಲೇ ಅಂದುಕೊಂಡಿದ್ದೆ.

ಸಾಸಿವೆ ಮಾಡುವುದು ಮಾತ್ರ ಅತ್ತೆ ಯಾರಿಗೂ ಬಿಡುವುದಿಲ್ಲ. ಸೌತೆಕಾಯಿ ತುರಿದು ಉಪ್ಪು ಹಾಕಿಟ್ಟರು. ಬಿಳಿ ದಾರದ ಜಾರಿಗೆ ತೆಂಗಿನತುರಿ, ಒಂದು ಹಸಿಮೆಣಸು, ತಣ್ಣೀರು. ನುಣ್ಣಗಾದ ಮೇಲೆ ಕೊನೆಗೆ ಅರ್ಧ ಚಮಚ ಹಸಿ ಸಾಸಿವೆ ಹಾಕಿ ನಾಲ್ಕೇ ತಿರುವು. ಮೊದಲೇ ಹಾಕಿ ಜಾಸ್ತಿ ರುಬ್ಬಿದರೆ ಕಹಿ. ಬಿಸಿನೀರು ಹಾಕಿದರೆ ಘಾಟೇ ಬರುವುದಿಲ್ಲ, ಬೆಳ್ಳುಳ್ಳಿಯ ಲೆಕ್ಕವೇ ಇಲ್ಲೂ. ಕಾಳು ಒಡೆದು ನೀರು ತಾಗಿದಾಗಲೇ ಅದರೊಳಗಿನ ಕಿಣ್ವ ಕೆಲಸ ಶುರುಮಾಡುವುದು, ಬಿಸಿ ತಾಗಿದರೆ ಸಾಯುವುದು. ಒಗ್ಗರಣೆಯಲ್ಲಿ ಸಿಡಿಸಿದ ಸಾಸಿವೆ ಮೂಗಿಗೆ ಹೊಡೆಯದೆ ಸುಮ್ಮನೆ ಹುರಿದ ಕಾಳಿನ ಹಾಗೆ ಇರುವುದು ಅದಕ್ಕೇ. ಅತ್ತೆಗೆ ಕಿಣ್ವ ಗಿಣ್ವ ಗೊತ್ತಿಲ್ಲ, ರುಬ್ಬಿದ್ದನ್ನು ಹತ್ತು ನಿಮಿಷ ಮುಚ್ಚಿಟ್ಟರು, "ಏರ್ಲಿ" ಅಂತ. ಆಮೇಲೆ ಮೊಸರು, ಸೌತೆಕಾಯಿ.

ಅಪ್ಪೆಹುಳಿಗೆ ಊರಿಂದ ತಂದ, ಉಪ್ಪುನೀರಲ್ಲಿ ಇಟ್ಟಿದ್ದ ಅಪ್ಪೆಮಿಡಿ, ಅಂದರೆ ಮಾವಿನ ಮಿಡಿ. ಜಜ್ಜಿ ಕುದಿಸಿ ಹಿಂಡಿ ನೀರು ಬೆರೆಸಿ, ಚೂರು ಬೆಲ್ಲ. ಅದಕ್ಕೆ ಒಗ್ಗರಣೆ ಕೊಡುವಾಗ ತಪ್ಪಾಯಿತು. ಎಣ್ಣೆ ಜಾಸ್ತಿ ಕಾದಿತ್ತು, ಅದರಲ್ಲಿ ಬಿದ್ದದ್ದು ಅವ್ವ ಕಳಿಸಿದ ಒಣ ಗುಂಟೂರು ಮೆಣಸು. ಅತ್ತೆ ಬ್ಯಾಡಗಿ ಅಂತ ತಿಳಿದು ಮೂರು ಮುರಿದು ಹಾಕಿದ್ದರು. ಒಂದೇ ಕ್ಷಣದಲ್ಲಿ ಕಪ್ಪಾಗಿ ಘಾಟು ಎದ್ದಿತು ನೋಡಿ, ಅತ್ತೆ ಕೆಮ್ಮು, ನಾನು ಕೆಮ್ಮು, ಹಾಲಿನಲ್ಲಿದ್ದ ನಮ್ಮನೆಯವರು ಕೆಮ್ಮು, ಮೆಟ್ಟಿಲ ಕೆಳಗೆ ಓನರ್ ಆಂಟಿ ಸೀನುವುದು ಮೇಲೆ ತನಕ ಕೇಳಿತು. ಸರಿಯಾಗಿ ಅದೇ ಹೊತ್ತಿಗೆ ಬೆಲ್. ಬಾಗಿಲು ತೆಗೆದರೆ ತಮ್ಮ, ಕರ್ಚೀಫು ಮೂಗಿಗೆ ಹಿಡಿದುಕೊಂಡೇ ಒಳಗೆ ಬಂದ. "ಏನ್ ಅಕ್ಕಾ, ರಂಜಕ ಮಾಡು ಅಂದ್ರ ಮನಿಗೇ ಬೆಂಕಿ ಹಚ್ಚೀ?"

ನಾನಲ್ಲ, ಅತ್ತೆ ಅಂತ ಹೇಳುವ ಹಾಗಿಲ್ಲ. ಅತ್ತೆಯೇ ಕಣ್ಣು ಒರೆಸಿಕೊಳ್ಳುತ್ತಾ ಹೇಳಿದರು, "ಇದು ನಂದು ಮಾರಾಯಾ. ನಿಮ್ಮ ಮನೆ ಮೆಣಸು, ನನ್ನ ಕೈ."

ಊಟಕ್ಕೆ ಕೂತಾಗ ಒಂಬತ್ತು. ಮೇಜಿನ ಆ ತುದಿಗೆ ರಂಜಕ, ಈ ತುದಿಗೆ ಅತ್ತೆ, ಫ್ಯಾನ್ ಗಾಳಿ ಅತ್ತೆ ಕಡೆಯಿಂದ ರಂಜಕದ ಕಡೆಗೆ. ತಮ್ಮ ರೊಟ್ಟಿ ಮುರಿದು, ರಂಜಕದ ಮಧ್ಯೆ ಗುಳಿ ಮಾಡಿ ಶೇಂಗಾ ಎಣ್ಣೆ ಬಿಟ್ಟುಕೊಂಡು ಮಾತಿಲ್ಲದೆ ಮೂರು ರೊಟ್ಟಿ ಮುಗಿಸಿದ. ಹಣೆಯಲ್ಲಿ ಒಂದು ಹನಿ ಬೆವರಿಲ್ಲ. ಆಮೇಲೆ ಅತ್ತೆ ಅನ್ನ ಬಡಿಸಿ ಸಾಸಿವೆ ಹಾಕಿದರು. ಇವನು ಮೊಸರು ಬಜ್ಜಿ ಅಂದುಕೊಂಡು ದೊಡ್ಡ ತುತ್ತು ಮಾಡಿ ಬಾಯಿಗೆ ಹಾಕಿದ.

ಎರಡು ಸೆಕೆಂಡು ಏನೂ ಇಲ್ಲ. ಆಮೇಲೆ ಕಣ್ಣು ದೊಡ್ಡದಾಯಿತು. ಸಾಸಿವೆಯ ಘಾಟು ನಾಲಿಗೆಯಲ್ಲಿ ನಿಲ್ಲುವುದಿಲ್ಲ, ಸೀದಾ ಮೂಗಿನ ಹಿಂದಿನಿಂದ ನೆತ್ತಿಗೆ. ಕಣ್ಣಲ್ಲಿ ನೀರು ಸುರಿಯುತ್ತಿದೆ, ತಲೆ ತಟ್ಟಿಕೊಳ್ಳುತ್ತಿದ್ದಾನೆ. ಗುಂಟೂರು ಮೆಣಸಿನಕಾಯಿ ಅಗಿದು ತಿನ್ನುವ ಹುಡುಗ! ಅತ್ತೆಯ ಮುಖದಲ್ಲಿ ಆ ಸಂತೋಷ ನಾನು ಈ ಏಳು ವರ್ಷದಲ್ಲಿ ನೋಡಿರಲಿಲ್ಲ.

"ಎಂತಾಯ್ತೋ? ಖಾರವಾ?"

"ಖಾರ ಅಲ್ರೀ ಅತ್ತೀ... ಇದೇನೋ... ಮೂಗನ್ಯಾಗ ಯಾರೋ ಗುದ್ದಿದಂಗ ಆತು."

ಅತ್ತೆ ಅಪ್ಪೆಹುಳಿ ಲೋಟಕ್ಕೆ ಬಗ್ಗಿಸಿ ಕೊಟ್ಟರು. ಸುಟ್ಟ ಮೆಣಸು ತೆಗೆದು ಎರಡನೇ ಸಲ ಒಗ್ಗರಣೆ ಕೊಟ್ಟದ್ದು, ಇಂಗು ಧಾರಾಳ. ಅವನು ಮೂರು ಲೋಟ ಕುಡಿದ. ಮೂರನೆಯದನ್ನು ಕೇಳಿ ಹಾಕಿಸಿಕೊಂಡ.

ಅತ್ತೆ ರಂಜಕ ಮುಟ್ಟಲಿಲ್ಲ, ಮುಟ್ಟುತ್ತಾರೆ ಅಂತ ನಾನೂ ಅಂದುಕೊಂಡಿರಲಿಲ್ಲ. ಆದರೆ ತಟ್ಟೆ ಎತ್ತುವಾಗ ಕೇಳಿದರು, "ಬೆಳ್ಳುಳ್ಳಿ ಬದ್ಲು ಇಂಗು ಹಾಕಿದ್ರೆ ಆಗ್ತದಾ ಅದು?" ಆಗುತ್ತದೆ, ನಮ್ಮ ಕಡೆಯ ಬ್ರಾಹ್ಮಣರ ಮನೆಗಳಲ್ಲಿ ಹಾಗೇ ಮಾಡುತ್ತಾರೆ ಅಂದೆ. ಮಾರನೇ ದಿನ ಬೆಳಗ್ಗೆ ಉಳಿದ ಮೆಣಸಿನಕಾಯಿಯನ್ನು ಬಿಳಿ ದಾರದ ಜಾರಿನಲ್ಲಿ ಇಂಗು ಹಾಕಿ ರುಬ್ಬಿದೆ. ಗುಂಟೂರನ್ನು ಅತ್ತೆ ತಾವೇ ಒಂದೊಂದಾಗಿ ಆರಿಸಿ ಹೊರಗಿಟ್ಟರು. ಒಂದು ಬಾಟಲಿ ಆಯಿತು. ದೋಸೆಗೆ ಹಚ್ಚಿಕೊಂಡು ತಿಂದು "ಅಡ್ಡಿಲ್ಲೆ" ಅಂದರು. ಸಾಗರದ ಕಡೆಯ ಅಡ್ಡಿಲ್ಲೆಗೆ ಬೇರೆ ಕಡೆ ತುಂಬಾ ಚೆನ್ನಾಗಿದೆ ಅಂತ ಅರ್ಥ.

ತಮ್ಮ ಹತ್ತು ಗಂಟೆ ಬಸ್ಸಿಗೆ ಹೊರಟ. ಅವನ ಚೀಲಕ್ಕೆ ನಾನು ಬೆಳ್ಳುಳ್ಳಿ ರಂಜಕದ ಬಾಟಲಿ ಇಟ್ಟೆ. ಅತ್ತೆ ಅವ್ವನಿಗೆ ಅಂತ ಏನೋ ಪೇಪರಿನಲ್ಲಿ ಸುತ್ತಿ ಕೊಟ್ಟರು. ಮಧ್ಯಾಹ್ನ ಫೋನ್ ಮಾಡಿದ, ಚಿತ್ರದುರ್ಗ ದಾಟಿದ್ದಾನಂತೆ, ಪಕ್ಕದ ಸೀಟಿನವರು ಎದ್ದು ಹಿಂದೆ ಹೋಗಿ ಕೂತರಂತೆ.

"ಬಾಟ್ಲಿ ಮುಚ್ಚಳ ಗಟ್ಟಿ ಹಾಕೀಯಿಲ್ಲೋ?" ಅಂದೆ.

"ಹಾಕೀನಿ ಅಕ್ಕಾ. ಇದು ಅತ್ತೀ ಕೊಟ್ಟ ಇಂಗು."